ಹಾಸಿಗೆ ಹಿಡಿಸಬೇಡಿ

"ಅಪ್ಪನನ್ನು ಎಬ್ಬಿಸಬೇಡಿ, ನಡೆಸಬೇಡಿ. ಬಿದ್ದರೆ ಯಾರು ಹೊಣೆ?" ವೃದ್ಧರ ಆರೈಕೆ ಕೇಂದ್ರಗಳಿಗೆ ಫಿಸಿಯೋಥೆರಪಿಸ್ಟ್ ಆಗಿ ಹೋಗುವ ನಾನು ವಾರಕ್ಕೊಮ್ಮೆಯಾದರೂ ಈ ಮಾತು ಕೇಳುತ್ತೇನೆ. ಹೇಳುವವರು ಕೆಟ್ಟವರಲ್ಲ. ತಿಂಗಳು ತಿಂಗಳು ತಪ್ಪದೆ ಹಣ ಕಟ್ಟುವವರು, ದೂರದ ದೇಶದಲ್ಲಿ ನಡುರಾತ್ರಿ ಎದ್ದು ಫೋನ್ ಮಾಡುವವರು. ಆದರೂ ಈ ಒಂದು ಮಾತಿನಿಂದ ಹಾಸಿಗೆ ಹಿಡಿದ ಹಿರಿಯರನ್ನು ಕಂಡು ಕಂಡು ನನಗೆ ಸಾಕಾಗಿದೆ.

ಮೈಸೂರಿನ ಹೊರವಲಯದ ಒಂದು ಕೇಂದ್ರದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಎಂಬತ್ತು ದಾಟಿದವರು. ಬೆಳಿಗ್ಗೆ ಕೋಲೂರಿಕೊಂಡು ಗೇಟಿನವರೆಗೆ ಹೋಗಿ ಎಲ್ಲರಿಗೂ ಪತ್ರಿಕೆ ತರುವುದು ಅವರೇ ವಹಿಸಿಕೊಂಡಿದ್ದ ಕೆಲಸ. ಒಂದು ದಿನ ಪಂಚೆಯ ಅಂಚು ಕಾಲಿಗೆ ಸಿಕ್ಕಿ ಬಿದ್ದರು. ಮೊಣಕೈ ತರಚಿತು, ಅಷ್ಟೇ. ಮಗ ವಿದೇಶದಿಂದ ಫೋನ್ ಮಾಡಿ, ಇನ್ನು ಓಡಾಡಿಸಕೂಡದು ಎಂದರು. ತಿಂಗಳ ಮೇಲೆ ನಾನು ಹೋದಾಗ ಮೇಷ್ಟ್ರು ಕುರ್ಚಿಯಲ್ಲಿದ್ದರು. ಎದುರಿಗೊಂದು ಹಲಗೆ ಅಡ್ಡ ಸಿಕ್ಕಿಸಿದ್ದರು, ಊಟಕ್ಕೆ ಅನುಕೂಲ ಎಂದು. ಹಲಗೆ ತೆಗೆದು, "ಏಳಿ ಮೇಷ್ಟ್ರೇ" ಎಂದೆ. ಕುರ್ಚಿಯ ತೋಳುಗಳನ್ನು ಒತ್ತಿ ಹಿಡಿದರು, ಗೆಣ್ಣುಗಳು ಬಿಳಿಚಿಕೊಂಡವು, ಸೊಂಟ ನಾಲ್ಕು ಬೆರಳಿನಷ್ಟು ಮೇಲೆದ್ದು ಕುಸಿಯಿತು. ಹಿಮ್ಮಡಿಯಲ್ಲಿ ರೂಪಾಯಿಯಗಲ ಕೆಂಪು. ಬೆರಳಿನಿಂದ ಒತ್ತಿ ಬಿಟ್ಟೆ, ಆ ಕೆಂಪು ಒಂದಿಷ್ಟೂ ಮಾಸಲಿಲ್ಲ. ಒತ್ತುಹುಣ್ಣು ಶುರುವಾಗುವುದು ಹಾಗೆಯೇ. ಅವರು ಕೇಳಿದ್ದು ಒಂದೇ: "ಪೇಪರ್ ಬಂತೇನಮ್ಮ?" ಆ ತಿಂಗಳ ದಾಖಲೆಯಲ್ಲಿ ಬಿದ್ದವರ ಸಂಖ್ಯೆ ಸೊನ್ನೆ. ಮಗನಿಗೆ ತಲುಪಿದ್ದ ವರದಿಯೂ ಅದೇ.

ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಕೂರಿಸಿದರೆ ಬೀಳುವುದಿಲ್ಲ ಎಂಬುದು ಕೂತಿರುವಷ್ಟು ಹೊತ್ತು ಮಾತ್ರ ನಿಜ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಅವಸರವಾದಾಗ ಅವರು ಯಾರನ್ನೂ ಕರೆಯದೆ ಎದ್ದೇ ಏಳುತ್ತಾರೆ. ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂದು ಬದುಕಿದ ತಲೆಮಾರು ಅದು. ಆಗ ಮೈ ಹೊರಬೇಕಾದ ಕಾಲಿನಲ್ಲಿ ಕಸುವೇ ಇರುವುದಿಲ್ಲ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಬರೀ 10 ದಿನ ಹಾಸಿಗೆಯಲ್ಲಿದ್ದ ಆರೋಗ್ಯವಂತ ಹಿರಿಯರ ಕಾಲುಗಳಲ್ಲಿ ಸರಾಸರಿ ಒಂದು ಕಿಲೋಗೆ ಹತ್ತಿರದಷ್ಟು ಸ್ನಾಯು ಕರಗಿತ್ತು. ಅವರು ಆರೋಗ್ಯವಂತರು. ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು ಎರಡೂ ಇವೆ. ಸ್ನಾಯುವೊಂದೇ ಅಲ್ಲ, ಎದ್ದು ನಿಂತಾಗ ರಕ್ತದೊತ್ತಡವನ್ನು ಸರಿದೂಗಿಸಿಕೊಳ್ಳುವ ರೂಢಿಯೂ ದೇಹಕ್ಕೆ ತಪ್ಪುತ್ತದೆ, ಸಮತೋಲ ಮಂಕಾಗುತ್ತದೆ, ಜೊತೆಗೆ ಭಯ ಸೇರುತ್ತದೆ. ಅಂದರೆ, ಬೀಳದಿರಲೆಂದು ಕೂರಿಸಿದ್ದೇ ಮುಂದಿನ ಸಲ ಜೋರಾಗಿ ಬೀಳಲು ಕಾರಣವಾಗುತ್ತದೆ. ಎಷ್ಟು ಹೇಳಿದರೂ ಮಕ್ಕಳ ಮನಸ್ಸಿಗೆ ಇಳಿಯದ ಮಾತು ಇದೊಂದೇ.

ಮಂಚಕ್ಕೆ ಕಂಬಿ ಹಾಕಿಸಿದರೆ ಸಾಕಲ್ಲ ಎನ್ನುತ್ತಾರೆ. ಗೊಂದಲದಲ್ಲಿರುವ ಹಿರಿಯರು ಕಂಬಿ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಅಮೆರಿಕದ ಆರೈಕೆ ಕೇಂದ್ರಗಳಲ್ಲಿ ಒಂದು ಕಾಲಕ್ಕೆ ಹಿರಿಯರನ್ನು ಕುರ್ಚಿಗೆ, ಮಂಚಕ್ಕೆ ಕಟ್ಟುವುದು ಮಾಮೂಲಾಗಿತ್ತು. 1987ರ ಕಾನೂನು ಅದಕ್ಕೆ ಕಡಿವಾಣ ಹಾಕಿತು. ಕಟ್ಟು ಬಿಚ್ಚಿದ್ದರಿಂದ ಗಂಭೀರ ಗಾಯಗಳು ಹೆಚ್ಚಲಿಲ್ಲ ಎಂದು ಆಮೇಲೆ ಅಲ್ಲಿ ನಡೆದ ಅಧ್ಯಯನಗಳು ತೋರಿಸಿದವು.

ಬೀಳುವುದು ಸಣ್ಣ ಸಂಗತಿ ಎಂದು ನಾನು ಹೇಳುತ್ತಿಲ್ಲ. ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮೊದಲಿನಂತೆ ಆಗುವುದೇ ಇಲ್ಲ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಪಾರ್ಕಿನ್ಸನ್ ಇರುವವರು, ನಿಂತರೆ ತಲೆ ಸುತ್ತುವವರು ಎಷ್ಟು ನಡೆಯಬೇಕು, ಯಾರ ಆಸರೆಯಲ್ಲಿ ನಡೆಯಬೇಕು ಎಂಬುದನ್ನು ಅವರನ್ನು ನೋಡಿದ ವೈದ್ಯರೇ ನಿರ್ಧರಿಸಬೇಕು. ನಿದ್ರೆ ಮಾತ್ರೆ, ರಕ್ತದೊತ್ತಡದ ಮಾತ್ರೆಗಳ ಬಗ್ಗೆಯೂ ಅವರನ್ನೇ ಕೇಳಿ. ಈ ಅಂಕಣ ಓದಿ ಮಾತ್ರೆ ನಿಲ್ಲಿಸಬೇಡಿ.

ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಆಸ್ಪತ್ರೆ. ಆಸ್ಪತ್ರೆಯೆಂದರೆ ಮಲಗುವ ಜಾಗ. ಅದೇ ಕಣ್ಣಿನಿಂದ ವೃದ್ಧರ ಕೇಂದ್ರವನ್ನೂ ನೋಡುತ್ತೇವೆ: ಹೊಳೆಯುವ ನೆಲ, ಮೂಲೆಮೂಲೆಗೂ ಕ್ಯಾಮೆರಾ. ಸ್ನಾನದ ಮನೆಯ ಹೊಳೆಯುವ ನೆಲದ ಮೇಲೆ ನೀರು ಬಿದ್ದಿದ್ದರೆ ನನಗೆ ಎದೆ ಝಲ್ಲೆನ್ನುತ್ತದೆ. ನಾನಾದರೆ ಮೊದಲು ಮಂಚದ ಅಂಚಿನಲ್ಲಿ ಕೂತು ನೋಡುತ್ತೇನೆ. ಪಾದ ಪೂರ್ತಿ ನೆಲಕ್ಕೆ ಊರದಿದ್ದರೆ ಆ ಮಂಚ ಎತ್ತರವಾಯಿತು. ಶೌಚಾಲಯದ ಗೋಡೆಯ ಹಿಡಿಕೆಯನ್ನು ಜಗ್ಗಿ ನೋಡುತ್ತೇನೆ. ಆಮೇಲೆ ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆಂದು ಕೇಳುತ್ತೇನೆ, ಅದನ್ನು ಆಯಾಗಳ ಬಾಯಿಂದಲೇ.

ಆಯಾಗಳ ಕಷ್ಟವನ್ನೂ ಹೇಳಬೇಕು. ಒಬ್ಬ ಅಜ್ಜಿಯನ್ನು ಶೌಚಾಲಯಕ್ಕೆ ನಡೆಸಿಕೊಂಡು ಹೋಗಿ ಬರಲು ಇಪ್ಪತ್ತು ನಿಮಿಷ. ಗಾಲಿಕುರ್ಚಿಯಲ್ಲಾದರೆ ಐದು. ಡೈಪರ್ ಹಾಕಿದರೆ ಆ ಓಡಾಟವೂ ಇಲ್ಲ. ಅಜ್ಜಿ ಜಾರಿದರೆ ಆಯಾಳ ಕೆಲಸ ಹೋಗುತ್ತದೆ, ಅಜ್ಜಿಯ ಕಾಲು ಸೊರಗಿದರೆ ಯಾರೂ ಅವಳನ್ನು ಕೇಳುವುದಿಲ್ಲ. ಹೀಗಿರುವಾಗ ಅವಳು ನಡೆಸುವುದಾದರೂ ಹೇಗೆ? ಆದ್ದರಿಂದ ಕೇಂದ್ರಕ್ಕೆ ನೀವೇ ಬರೆದುಕೊಡಿ: ಹೇಳಿಕೊಟ್ಟ ರೀತಿಯಲ್ಲಿ, ಪಕ್ಕದಲ್ಲಿದ್ದು ನಡೆಸುವಾಗ ಜಾರಿದರೆ ಸಿಬ್ಬಂದಿಯನ್ನು ದೂರುವುದಿಲ್ಲ ಎಂದು. ನಿರ್ಲಕ್ಷ್ಯಕ್ಕೆ ಇದು ಪರವಾನಗಿ ಅಲ್ಲ, ಅದನ್ನೂ ಬರೆಯಿರಿ. ಫೋನ್ ಮಾಡಿದಾಗ "ಬಿದ್ದರಾ?" ಎಂದು ಕೇಳುವ ಬದಲು "ಇವತ್ತು ಎಲ್ಲಿಯವರೆಗೆ ನಡೆದರು?" ಎಂದು ಕೇಳಿ.

ಮೇಷ್ಟ್ರ ಮಗ ಮೂರನೆಯ ಸಲ ಮಾತನಾಡಿದಾಗ ಒಪ್ಪಿದರು. ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಐದು ಸಲ ಮಾಡಿಸುವುದರಿಂದ ಶುರುಮಾಡಿದೆವು. ಏಳು ವಾರವಾಯಿತು. ಪಂಚೆಯನ್ನು ಕಣಕಾಲಿನ ಮೇಲೆ ಕಟ್ಟಿಸಿ, ವಾಕರ್ ಕೊಟ್ಟು, ಆಯಾ ಬೆನ್ನ ಹಿಂದೆಯೇ ನಡೆಯುತ್ತಾಳೆ. ಗೇಟು ಇನ್ನೂ ದೂರವಿದೆ, ಅಲ್ಲಿಗೆ ಹೋಗಬಲ್ಲರೆಂದು ನಾನು ಮಾತು ಕೊಟ್ಟಿಲ್ಲ. ಪತ್ರಿಕೆ ಹಾಕುವ ಹುಡುಗ ಈಗ ಒಳಗೆ ಬಂದು ಜಗಲಿಯ ಮೇಲೆ ಇಟ್ಟು ಹೋಗುತ್ತಾನೆ. ಅಲ್ಲಿಯವರೆಗೆ ಮೇಷ್ಟ್ರೇ ಬಂದು ಎತ್ತಿಕೊಳ್ಳುತ್ತಾರೆ.