ಓದುಗರ ಪ್ರಶ್ನೆ: ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟ ಚಿತ್ರಗಳು ಅಲ್ಲೇ ಉಳಿಯುತ್ತವೆಯೇ?

ಪ್ರಶ್ನೆ: ಯಾರಾದರೂ ತಮ್ಮ ಕಲಾಸಂಗ್ರಹವನ್ನು ವಿಶ್ವವಿದ್ಯಾಲಯದ ಗ್ಯಾಲರಿಗೆ ಕೊಟ್ಟರೆ ಅದು ಶಾಶ್ವತವಾಗಿ ಅಲ್ಲೇ ಉಳಿಯುತ್ತದೆಯೇ? ವಿಶ್ವವಿದ್ಯಾಲಯಕ್ಕೆ ಹಣದ ಮುಗ್ಗಟ್ಟು ಬಂದರೆ ಆ ಚಿತ್ರಗಳ ಗತಿ ಏನು?

ಉತ್ತರ: ಉಳಿದದ್ದೂ ಉಂಟು, ಕೈಬಿಟ್ಟುಹೋದದ್ದೂ ಉಂಟು. ಈ ಎರಡನ್ನೂ ಒಂದೇ ಸ್ಥಳದಲ್ಲಿ ಕಂಡ ಸಂಸ್ಥೆಯೊಂದಿದೆ. ಅದು ನ್ಯೂಯಾರ್ಕ್ ವಿಶ್ವವಿದ್ಯಾಲಯ. ಹಾಗಾಗಿ ಅದರ ಗ್ರೇ ಗ್ಯಾಲರಿಯ ಇತಿಹಾಸದ ಮೂಲಕವೇ ಉತ್ತರಿಸುತ್ತೇನೆ.

ಆ ವಿಶ್ವವಿದ್ಯಾಲಯದ ಸ್ಥಾಪಕರಲ್ಲಿ ಒಬ್ಬರಾದ ಆಲ್ಬರ್ಟ್ ಗ್ಯಾಲಟಿನ್ ಅವರ ಮರಿಮಗ ಎ. ಇ. ಗ್ಯಾಲಟಿನ್ 1927ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ಸ್ಕ್ವೇರಿನ ಮುಖ್ಯ ಕಟ್ಟಡದಲ್ಲಿ ತಮ್ಮ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದಿಟ್ಟರು. ಅದಕ್ಕೆ ಅವರು ಇಟ್ಟ ಹೆಸರು ‘ಗ್ಯಾಲರಿ ಆಫ್ ಲಿವಿಂಗ್ ಆರ್ಟ್’. ನ್ಯೂಯಾರ್ಕಿನ ಪ್ರಸಿದ್ಧ ಆಧುನಿಕ ಕಲಾ ವಸ್ತುಸಂಗ್ರಹಾಲಯ ಬಾಗಿಲು ತೆರೆದದ್ದು ಇದಾದ ಎರಡು ವರ್ಷಗಳ ನಂತರ, 1929ರಲ್ಲಿ. ಗ್ಯಾಲಟಿನ್ ಚಿತ್ರಗಳನ್ನು ತೂಗುಹಾಕಿದ್ದು ವಿದ್ಯಾರ್ಥಿಗಳು ಕುಳಿತು ಓದುವ ಕೊಠಡಿಯಲ್ಲಿ; ಪ್ರವೇಶ ಶುಲ್ಕವಿರಲಿಲ್ಲ. ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ತಲೆಯೆತ್ತಿದರೆ ಎದುರಿನ ಗೋಡೆಯ ಮೇಲೆ ಪಿಕಾಸೋ, ಲೆಜೆ, ಮೊಂಡ್ರಿಯಾನ್ ಕಾಣುತ್ತಿದ್ದರು. ಚಿತ್ರಕ್ಕೂ ನೋಡುವವನಿಗೂ ಇಷ್ಟು ಸಲುಗೆಯ ಸಂಬಂಧವನ್ನು ಒದಗಿಸಿದ ಏರ್ಪಾಡು ಬೇರೆಲ್ಲಾದರೂ ಇತ್ತೇ ಎಂದು ನಾನು ಇಂದಿಗೂ ಬೆರಗಿನಿಂದ ಯೋಚಿಸುತ್ತೇನೆ.

ಆದರೆ ಸಂಗ್ರಹದ ಒಡೆತನ ಗ್ಯಾಲಟಿನ್ ಅವರ ಬಳಿಯೇ ಇತ್ತು. ಅವರು ವಿಶ್ವವಿದ್ಯಾಲಯದ ಗೋಡೆಗಳನ್ನು ಬಳಸಿಕೊಂಡಿದ್ದರು, ವಿಶ್ವವಿದ್ಯಾಲಯ ಅವರ ಚಿತ್ರಗಳನ್ನು ಬಳಸಿಕೊಂಡಿತ್ತು. ಎರಡನೆಯ ಮಹಾಯುದ್ಧದ ನಡುವೆ, 1942ರ ಕೊನೆಯ ಹೊತ್ತಿಗೆ, ಖರ್ಚು ತಗ್ಗಿಸಬೇಕೆಂದು ಆಡಳಿತ ಮಂಡಳಿಯು ಗ್ಯಾಲರಿಯನ್ನು ಮುಚ್ಚಲು ತೀರ್ಮಾನಿಸಿತು. ಫಿಲಡೆಲ್ಫಿಯಾದ ಕಲಾ ವಸ್ತುಸಂಗ್ರಹಾಲಯ ಆ ಚಿತ್ರಗಳನ್ನು ಬರಮಾಡಿಕೊಂಡಿತು. 1952ರಲ್ಲಿ ಗ್ಯಾಲಟಿನ್ ತೀರಿಕೊಂಡಾಗ ಉಯಿಲಿನ ಮೂಲಕ ಅವು ಅಲ್ಲಿಯೇ ನೆಲೆಗೊಂಡವು. ಪಿಕಾಸೋನ ‘ಮೂವರು ಸಂಗೀತಗಾರರು’ ಚಿತ್ರದ ಒಂದು ರೂಪವನ್ನೂ ಲೆಜೆಯ ‘ನಗರ’ವನ್ನೂ ನೋಡಬೇಕೆಂದರೆ ಇಂದು ಫಿಲಡೆಲ್ಫಿಯಾಕ್ಕೇ ಹೋಗಬೇಕು. ಯುದ್ಧಕಾಲದ ಉಳಿತಾಯದ ಲೆಕ್ಕಕ್ಕೆ ನ್ಯೂಯಾರ್ಕ್ ವಿಶ್ವವಿದ್ಯಾಲಯ ತೆತ್ತ ಬೆಲೆ ಇದು.

ಕತೆ ಮತ್ತೆ ಶುರುವಾಗುವುದು ಮಿನ್ನೆಸೋಟಾದ ಸೇಂಟ್ ಪಾಲ್ ನಗರದಲ್ಲಿ. ಸೈನ್ಯಾಧಿಕಾರಿಯೊಬ್ಬರ ಪತ್ನಿಯಾಗಿದ್ದ ಆಬಿ ವೀಡ್ ಗ್ರೇ 1956ರಲ್ಲಿ ವಿಧವೆಯಾದರು. ಗಂಡ ಬಿಟ್ಟುಹೋದ ಆಸ್ತಿ ಅವರು ಎಣಿಸಿದ್ದಕ್ಕಿಂತ ಎಷ್ಟೋ ದೊಡ್ಡದಾಗಿತ್ತು. 1960ರಲ್ಲಿ, ಐವತ್ತೆಂಟರ ಆಸುಪಾಸಿನಲ್ಲಿ, ಅವರು ಏಷ್ಯಾದ ದೇಶಗಳನ್ನು ಸುತ್ತಲು ಹೊರಟರು. ಪ್ರವಾಸಿಗರು ಸಾಮಾನ್ಯವಾಗಿ ಕೊಳ್ಳುತ್ತಿದ್ದ ಹಳೆಯ ವಿಗ್ರಹ, ರತ್ನಗಂಬಳಿಗಳ ಕಡೆಗೆ ಅವರ ಮನಸ್ಸು ಹೋಗಲಿಲ್ಲ. ತಮ್ಮ ನೆಲದ ಪರಂಪರೆಯನ್ನು ಬಲ್ಲ, ಆದರೆ ತಮ್ಮ ಕಾಲದ ಜೊತೆ ಗುದ್ದಾಡುತ್ತಿರುವ ಜೀವಂತ ಕಲಾವಿದರನ್ನು ಅವರು ಹುಡುಕಿದರು. ಮರುವರ್ಷ ಗಂಡನ ಹೆಸರನ್ನೂ ತಮ್ಮ ಹೆಸರನ್ನೂ ಸೇರಿಸಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ, ಇರಾನ್, ಟರ್ಕಿ ಮತ್ತು ಭಾರತಗಳಿಗೆ ಮತ್ತೆ ಮತ್ತೆ ಹೋಗಿಬಂದರು. ಪಶ್ಚಿಮದ ಸಂಗ್ರಾಹಕರಲ್ಲಿ ಹೆಚ್ಚಿನವರು ಈ ದೇಶಗಳ ಸಮಕಾಲೀನ ಕಲೆಯನ್ನು ಗಣನೆಗೇ ತೆಗೆದುಕೊಳ್ಳದಿದ್ದ ಕಾಲವದು.

ಅವರು ಕೂಡಿಹಾಕಿದ ಸುಮಾರು 700 ಕೃತಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಇರಾನಿನ ಶಿಲ್ಪಿ ಪರ್ವೀಜ್ ತನಾವೊಲಿ 1972ರಲ್ಲಿ ಕಂಚಿನಲ್ಲಿ ಮಾಡಿದ ‘ಹೀಚ್’ ಅದು. ‘ಹೀಚ್’ ಎಂದರೆ ಫಾರಸಿಯಲ್ಲಿ ‘ಏನೂ ಇಲ್ಲ’. ತನಾವೊಲಿ ಆ ಪದದ ಅಕ್ಷರಗಳನ್ನೇ ಎಬ್ಬಿಸಿ ನಿಲ್ಲಿಸಿದ್ದಾರೆ: ಮೊದಲ ಅಕ್ಷರದ ಎರಡು ಕುಣಿಕೆಗಳು ಕಣ್ಣುಗಳಾಗುತ್ತವೆ, ಉಳಿದದ್ದು ಬಳುಕುವ ಮೈಯಾಗುತ್ತದೆ, ಬರವಣಿಗೆ ಪ್ರಾಣಿಯ ಹಾಗೆ ನಮ್ಮನ್ನು ನೋಡುತ್ತದೆ. ‘ಬಯಲು’, ‘ಶೂನ್ಯ’ ಎಂಬ ಮಾತುಗಳ ತೂಕವನ್ನು ವಚನಗಳಿಂದ ಬಲ್ಲ ಕನ್ನಡಿಗರಿಗೆ ಈ ಶಿಲ್ಪದ ಮುಂದೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲವೆಂದು ನನ್ನ ನಂಬಿಕೆ. ಭಾರತದ ಭಾಗದಲ್ಲಿ ಎಂ. ಎಫ್. ಹುಸೇನರಂಥ ಪ್ರಸಿದ್ಧರ ಜೊತೆಗೆ ಪ್ರಭಾಕರ ಬರ್ವೆ ಇದ್ದಾರೆ; ವಾರಾಣಸಿಯ ನೇಕಾರರ ಸೇವಾ ಕೇಂದ್ರದಲ್ಲಿ ಕೆಲಸ ಮಾಡುತ್ತ ತಂತ್ರಸಾಧನೆಯ ಪಂಥಗಳ ಸಂಕೇತಗಳ ಪರಿಚಯ ಮಾಡಿಕೊಂಡಿದ್ದ ಬರ್ವೆ ಅವರ 1967ರ ಇಸ್ಪೀಟಿನ ರಾಜ ರಾಣಿಯರ ಚಿತ್ರ ಈ ಸಂಗ್ರಹದಲ್ಲಿದೆ.

1974ರಲ್ಲಿ ಆಬಿ ಗ್ರೇ ಇದೆಲ್ಲವನ್ನೂ ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ನಿಮ್ಮ ಪ್ರಶ್ನೆಗೆ ಉತ್ತರ ಅವರು ಕೊಟ್ಟ ಬಗೆಯಲ್ಲಿದೆ. ಅವರು ಚಿತ್ರಗಳನ್ನು ಎರವಲು ಕೊಡಲಿಲ್ಲ, ಒಡೆತನವನ್ನೇ ವರ್ಗಾಯಿಸಿದರು. ಚಿತ್ರಗಳ ಜೊತೆಗೆ ಗ್ಯಾಲರಿ ನಡೆಸುವುದಕ್ಕೆ ದತ್ತಿನಿಧಿಯನ್ನೂ ಇಟ್ಟರು. 1975ರಲ್ಲಿ ಗ್ಯಾಲರಿ ತೆರೆದದ್ದು ಗ್ಯಾಲಟಿನ್ ಸಂಗ್ರಹ ತೂಗಾಡಿದ್ದ ಅದೇ ಕಟ್ಟಡದಲ್ಲಿ. ನಾಲ್ಕೇ ವರ್ಷಗಳಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಆ ಬಳಿಕ 1960ರ ದಶಕದ ಇರಾನಿ ಕಲೆಯನ್ನು ಅಧ್ಯಯನ ಮಾಡುವ ಹೊರಗಿನವರಿಗೆ ಈ ಸಂಗ್ರಹ ಎಷ್ಟು ಮುಖ್ಯವಾಯಿತೆಂಬುದನ್ನು ಆಬಿ ಗ್ರೇ ಕೂಡ ಮೊದಲೇ ಊಹಿಸಿರಲಾರರು.

ಹಾಗಾದರೆ ಒಡೆತನ ವರ್ಗಾಯಿಸಿದರೆ ಸಾಕೇ? ಸಾಲದು. ಮಸಾಚುಸೆಟ್ಸ್‌ನ ಬ್ರಾಂಡೈಸ್ ವಿಶ್ವವಿದ್ಯಾಲಯ ಆರ್ಥಿಕ ಕುಸಿತದ ಹೊಡೆತಕ್ಕೆ ಸಿಕ್ಕಿ, 2009ರ ಜನವರಿಯಲ್ಲಿ ತನ್ನ ರೋಸ್ ಕಲಾ ವಸ್ತುಸಂಗ್ರಹಾಲಯವನ್ನು ಮುಚ್ಚಿ ಕೃತಿಗಳನ್ನು ಮಾರಲು ನಿರ್ಧರಿಸಿತು. ವಸ್ತುಸಂಗ್ರಹಾಲಯದ ಹಿತೈಷಿಗಳು ನ್ಯಾಯಾಲಯದ ಮೊರೆ ಹೊಕ್ಕರು, 2011ರಲ್ಲಿ ರಾಜಿಯಾಯಿತು, ಸಂಗ್ರಹ ಉಳಿಯಿತು. ವರ್ಜೀನಿಯಾದ ರಾಂಡಾಲ್ಫ್ ಕಾಲೇಜಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ವಿದ್ಯಾರ್ಥಿನಿಯರು ಊರಿನವರೊಡನೆ ಚಂದಾ ಎತ್ತಿ 1920ರಲ್ಲಿ ಕೊಂಡಿದ್ದ ಜಾರ್ಜ್ ಬೆಲೋಸ್‌ನ ಹಡಗುಕಟ್ಟೆಯ ಕೂಲಿಗಳ ಚಿತ್ರವನ್ನು ಕಾಲೇಜು 2014ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ 2.55 ಕೋಟಿ ಡಾಲರಿಗೆ ಮಾರಿತು. ಆ ಹಣ ಬೇರೆ ಚಿತ್ರ ಕೊಳ್ಳಲು ಹೋಗದೆ ಕಾಲೇಜಿನ ನಿಧಿಗೆ ಹೋಯಿತು. ಲಾಭದ ಉದ್ದೇಶವಿಲ್ಲದ ವಸ್ತುಸಂಗ್ರಹಾಲಯಗಳ ವೃತ್ತಿಧರ್ಮ ಇದನ್ನು ಒಪ್ಪುವುದಿಲ್ಲ. ಆದರೆ ವೃತ್ತಿಧರ್ಮಕ್ಕೆ ಕಾನೂನಿನ ಬಲವಿಲ್ಲ. ದಾನಪತ್ರದಲ್ಲಿ ಬರೆದ ಷರತ್ತುಗಳಿಗೆ ಆ ಬಲವಿದೆ. ಮಾರಬಾರದೆಂಬುದನ್ನೂ, ನಿರ್ವಹಣೆಯ ಹಣ ಎಲ್ಲಿಂದ ಬರಬೇಕೆಂಬುದನ್ನೂ ಕೊಡುವಾಗಲೇ ಬರೆದಿಡದವರ ಚಿತ್ರಗಳು ಮುಂದಿನ ಆಡಳಿತ ಮಂಡಳಿಗಳ ಮರ್ಜಿಯಲ್ಲಿರುತ್ತವೆ.

ಗ್ರೇ ಗ್ಯಾಲರಿಯ ಗೋಡೆಗಳು ಮಾತ್ರ ಬದಲಾದವು. ಜೇಮ್ಸ್ ಕಾಟ್ರೆಲ್ ಮತ್ತು ಜೋಸೆಫ್ ಲೋವೆಟ್ ಎಂಬ ಸಂಗ್ರಾಹಕರು ನ್ಯೂಯಾರ್ಕಿನ ಡೌನ್‌ಟೌನ್ ಕಲಾವಿದರ, ಅಂದರೆ ಆ ಗ್ಯಾಲರಿಯ ನೆರೆಹೊರೆಯವರದೇ ಆದ, ಸುಮಾರು 200 ಕೃತಿಗಳನ್ನು ಕೊಟ್ಟರು. ಜಾಗ ಸಾಲದಾಯಿತು. 2024ರ ಮಾರ್ಚಿನಲ್ಲಿ ಅದು ‘ಗ್ರೇ ಆರ್ಟ್ ಮ್ಯೂಸಿಯಂ’ ಎಂಬ ಹೊಸ ಹೆಸರಿನಿಂದ ಕೂಪರ್ ಸ್ಕ್ವೇರಿನಲ್ಲಿ ಬಾಗಿಲು ತೆರೆಯಿತು. ಆಬಿ ಗ್ರೇ ಕೊಟ್ಟ ಸಂಗ್ರಹ, ಎರಡು ಕಣ್ಣಿನ ಆ ‘ಹೀಚ್’ ಸಮೇತ, ಇಂದಿಗೂ ಅದೇ ವಿಶ್ವವಿದ್ಯಾಲಯದ ಕೈಯಲ್ಲಿದೆ.