ಏಳು ವರ್ಷದ ಮಗಳಿಗೆ ಹೊಲಿಗೆ ಮಷಿನ್ ಕಲಿಸಬಹುದೇ?

ಪ್ರಶ್ನೆ: ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಏಳು ವರ್ಷದ ಮಗಳು ತಾನೂ ಮಷಿನ್ ತುಳಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಬೆರಳಿಗೆ ಸೂಜಿ ಇಳಿದೀತೆಂಬ ಭಯ ನನಗೆ. ಯಾವ ವಯಸ್ಸಿನಲ್ಲಿ ಕಲಿಸುವುದು ಸರಿ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ವಯಸ್ಸಿಗಿಂತ ಮೊದಲು ಮಗುವಿನ ಕಾಲನ್ನು ನೋಡಿ. ಸ್ಟೂಲಿನ ಮೇಲೆ ನೆಟ್ಟಗೆ ಕುಳಿತಾಗ ಎರಡೂ ಪಾದಗಳು ಪೆಡಲಿನ ಮೇಲೆ ಪೂರ್ತಿ ಊರಿದರೆ, ತಿರುಗುವ ಚಕ್ರವನ್ನು ಬೇಕೆಂದಾಗ ನಿಲ್ಲಿಸುವ ಹಿಡಿತ ಅವಳಿಗೆ ಬಂದರೆ, ಏಳು ವರ್ಷಕ್ಕೇ ಆರಂಭಿಸಬಹುದು. ಕಾಲು ಎಟಕದಿದ್ದರೆ ಸದ್ಯಕ್ಕೆ ಕೈಸೂಜಿಯಲ್ಲಿ ಗುಂಡಿ ಹಾಕುವುದನ್ನು ಕಲಿಸಿ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಸಕಲೇಶಪುರ, ಮೂಡಿಗೆರೆಯ ಕಡೆ ಕಾಲಲ್ಲಿ ತುಳಿಯುವ ಮಷಿನ್ ಉಳಿದುಕೊಂಡಿರುವುದು ಮಕ್ಕಳ ಮಟ್ಟಿಗೆ ಒಳ್ಳೆಯದೇ. ಅದರ ವೇಗ ತುಳಿಯುವವರ ಕಾಲಿಗೆ ತಕ್ಕಷ್ಟೇ ಇರುತ್ತದೆ. ನಿಮ್ಮ ಮಷಿನ್‌ಗೆ ಮೋಟಾರ್ ಕೂಡಿಸಿದ್ದರೆ ಕಲಿಯುವಾಗ ಅದನ್ನು ಬಳಸಬೇಡಿ.

ಮೊದಲ ಪಾಠಕ್ಕೆ ಸೂಜಿಯೇ ಬೇಡ, ಬಿಚ್ಚಿಡಿ. ಬಾಬಿನ್‌ಗೆ (ಕೆಳದಾರದ ಪುಟ್ಟ ಉರುಳೆಗೆ) ದಾರ ಸುತ್ತುವಾಗ ಮೇಲಿನ ಚಕ್ರದ ನಡುವಿನ ತಿರುಪನ್ನು ಸಡಿಲಿಸುತ್ತೀರಲ್ಲ, ಹಾಗೆಯೇ ಸಡಿಲಿಸಿದರೆ ಪೆಡಲ್ ತುಳಿದಾಗ ಚಕ್ರವಷ್ಟೇ ತಿರುಗುತ್ತದೆ. ಚಕ್ರವನ್ನು ಬಲಗೈಯಿಂದ ತನ್ನತ್ತ ತಿರುಗಿಸಿ, ಅದೇ ಓಟಕ್ಕೆ ಕಾಲು ಸೇರಿಸುವುದು ಮಕ್ಕಳಿಗೆ ಬಹಳ ಕಷ್ಟ: ಕಾಲು ತಪ್ಪಿದರೆ ಚಕ್ರ ಹಿಂದಕ್ಕೆ ಓಡುತ್ತದೆ, ಮುಂದೆ ದಾರ ಹಾಕಿದಾಗ ಅದೇ ತಪ್ಪಿನಿಂದ ದಾರ ಸಿಕ್ಕಾಗಿ ತುಂಡಾಗುತ್ತದೆ. ಹೆಚ್ಚಿನವರು ಈ ಹಂತವನ್ನು ಹಾರಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮಗು ನಿಜವಾಗಿ ಕಲಿಯುವುದು ಇಲ್ಲಿಯೇ. ಎಷ್ಟು ದಿನ ಹಿಡಿದರೂ ಹಿಡಿಯಲಿ.

ಆಮೇಲೆ ತಿರುಪು ಬಿಗಿದು, ಹಳೆಯ ಸೂಜಿಯೊಂದನ್ನು ಹಾಕಿ, ದಾರವಿಲ್ಲದೆ ಗೆರೆ ನೋಟ್‌ಬುಕ್ಕಿನ ಹಾಳೆಯ ಮೇಲೆ ಓಡಿಸಲು ಹೇಳಿ. ಕಾಗದ ಸೂಜಿಯ ಮೊನೆಯನ್ನು ಮೊಂಡು ಮಾಡುವುದರಿಂದ ಹೊಸದು ಬೇಡ. ಹಾಳೆಯನ್ನು ಬೆಳಕಿಗೆ ಹಿಡಿದರೆ ತೂತುಗಳು ಗೆರೆಯ ಮೇಲಿವೆಯೋ ಅತ್ತಿತ್ತ ಸರಿದಿವೆಯೋ ಅವಳಿಗೇ ಕಾಣುತ್ತದೆ. ಸೂಜಿಯ ಎಡಕ್ಕೂ ಬಲಕ್ಕೂ ಎರಡು ಬೆರಳಗಲ ಬಿಟ್ಟು ಮಷಿನ್‌ನ ಮೇಲೆ ಒಂದೊಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ, ಬೆರಳು ಅದನ್ನು ದಾಟಬಾರದೆಂದು ಕಟ್ಟುನಿಟ್ಟಾಗಿ ಹೇಳಿ. ಬಟ್ಟೆಯನ್ನು ಕೆಳಗಿನ ಹಲ್ಲುಗಳೇ ಹಿಂದಕ್ಕೆ ಒಯ್ಯುತ್ತವೆ; ಕೈ ಎಳೆದರೆ ಸೂಜಿ ಬಾಗಿ ಮುರಿಯುತ್ತದೆ.

ಮೊದಲ ಬಟ್ಟೆ ಹತ್ತಿಯದಿರಲಿ, ಜಾರುವ ಜಾರ್ಜೆಟ್ ಬೇಡ. ಕೂತುಕೊಳ್ಳುವ ಮುನ್ನ ಜಡೆಯನ್ನು ಮೇಲೆ ಕಟ್ಟಿ, ಲಂಗದ ಅಂಚು ಮಷಿನ್‌ನ ಕೆಳಗಿನ ಮತ್ತು ಮೇಲಿನ ಚಕ್ರಗಳನ್ನು ಜೋಡಿಸುವ ಬೆಲ್ಟಿಗೆ ತಾಗದಂತೆ ನೋಡಿಕೊಳ್ಳಿ. ನೀವು ಅಡುಗೆಮನೆಗೆ ಹೋಗಬೇಕಾದರೆ, ಎರಡೇ ನಿಮಿಷಕ್ಕಾದರೂ ಸರಿ, ಬೆಲ್ಟನ್ನು ಚಕ್ರದಿಂದ ಕಳಚಿಟ್ಟೇ ಹೋಗಿ.