ಹೈಡ್ರೋಜನ್ ಕೂತಿದ್ದು ಬೇರೆ ಕಡೆ

ಡಿಎನ್‌ಎ ರಚನೆ ಎಂದರೆ ವಾಟ್ಸನ್, ಕ್ರಿಕ್ ನೆನಪಾಗುತ್ತಾರೆ. ರೊಸಾಲಿಂಡ್ ಫ್ರಾಂಕ್ಲಿನ್‌ಗೆ ಆದ ಅನ್ಯಾಯವೂ ಈಗ ಸಾಕಷ್ಟು ಚರ್ಚೆಯಾಗಿದೆ. ಜೆರಿ ಡೊನೊಹ್ಯೂ ಹೆಸರು ಕೇಳಿದವರು ಮಾತ್ರ ಕಡಿಮೆ.

1953ರ ಫೆಬ್ರವರಿ ಹೊತ್ತಿಗೆ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ವಾಟ್ಸನ್, ಕ್ರಿಕ್ ಅರ್ಧ ಒಗಟು ಬಿಡಿಸಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಮಾಡಿದ್ದ ಎಕ್ಸ್-ರೇ ಕೆಲಸದಿಂದ, ಅಣು ಸುರುಳಿಯಾಗಿದೆ, ಸುಮಾರು 2 ನ್ಯಾನೊಮೀಟರ್ ದಪ್ಪವಿದೆ, 3.4 ನ್ಯಾನೊಮೀಟರಿಗೆ ಒಂದು ಸುತ್ತು ಮುಗಿಸುತ್ತದೆ ಎಂದು ತಿಳಿದಿತ್ತು. (ಈ ಮಾಹಿತಿ ಫ್ರಾಂಕ್ಲಿನ್‌ಗೆ ಗೊತ್ತೇ ಇಲ್ಲದೆ ಕೇಂಬ್ರಿಜ್ ತಲುಪಿದ್ದು ಸಣ್ಣ ಸಂಗತಿಯಲ್ಲ.) ಅವರ ಅಳತೆಗಳಿಂದಲೇ ಕ್ರಿಕ್, ಎರಡು ಎಳೆಗಳು ವಿರುದ್ಧ ದಿಕ್ಕಿಗೆ ಸಾಗುತ್ತವೆ ಎಂದು ಗ್ರಹಿಸಿದರು. ಸಕ್ಕರೆ, ಫಾಸ್ಫೇಟ್ ಹೊರಗೆ. ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್ ಎಂಬ ನಾಲ್ಕು ಬೇಸ್‌ಗಳು ಒಳಗೆ. ಒಳಗೆ ಯಾವುದು ಯಾವುದರ ಕೈ ಹಿಡಿದಿದೆ?

ಅಡೆನಿನ್‌ಗೆ ಅಡೆನಿನ್, ಗ್ವಾನಿನ್‌ಗೆ ಗ್ವಾನಿನ್ ಎಂದು ಜೋಡಿಸಿ ವಾಟ್ಸನ್ ಹಿಗ್ಗಿದ್ದರು. ಅದೇ ಕೋಣೆಯಲ್ಲಿದ್ದ ಅಮೆರಿಕದ ಡೊನೊಹ್ಯೂ ಹರಳುಗಳ ರಚನೆ ಅರಿಯುವುದರಲ್ಲಿ ನುರಿತವರು, ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಗರಡಿಯಲ್ಲಿ ಪಳಗಿದವರು. ನೀವು ನಂಬಿದ ಪಠ್ಯಪುಸ್ತಕದ ಚಿತ್ರವೇ ತಪ್ಪು ಎಂದುಬಿಟ್ಟರು. ಗ್ವಾನಿನ್, ಥೈಮಿನ್‌ಗಳಲ್ಲಿ ಒಂದು ಹೈಡ್ರೋಜನ್ ಆಕ್ಸಿಜನ್‌ಗೆ ಅಂಟಿದಂತೆ ಪುಸ್ತಕಗಳು ತೋರಿಸುತ್ತಿದ್ದವು. ಅದು ಇರುವುದು ನೈಟ್ರೋಜನ್ ಮೇಲೆ ಎಂಬುದು ಅವರ ವಾದ.

ಅಷ್ಟಕ್ಕೇ ಏನಾಯಿತು? ಎಲ್ಲವೂ ಆಯಿತು. ಬೇಸ್‌ಗಳನ್ನು ಜೋಡಿಸುವ ಹೈಡ್ರೋಜನ್ ಬಂಧಕ್ಕೆ ಒಂದು ಕಡೆ ಹೈಡ್ರೋಜನ್ ಕೊಡುವವರು, ಇನ್ನೊಂದು ಕಡೆ ಪಡೆಯುವವರು ಬೇಕು. ಹೈಡ್ರೋಜನ್ ಜಾಗ ಬದಲಿಸಿದರೆ ಕೊಡುವ ಕೊನೆಯೇ ಪಡೆಯುವ ಕೊನೆಯಾಗುತ್ತದೆ.

ವಾಟ್ಸನ್ ಜೋಡಿಗಳು ಬಿದ್ದುಹೋದವು. ವರ್ಕ್‌ಶಾಪಿನಿಂದ ಲೋಹದ ತಗಡುಗಳು ಬರುವವರೆಗೆ ತಾಳ್ಮೆಯಿಲ್ಲದೆ ಅವರು ಬೇಸ್‌ಗಳ ಆಕಾರಕ್ಕೆ ರಟ್ಟು ಕತ್ತರಿಸಿದರು. ಫೆಬ್ರವರಿ 28ರ ಬೆಳಿಗ್ಗೆ ತುಂಡುಗಳನ್ನು ಸರಿಸುತ್ತಿದ್ದಾಗ, ಅಡೆನಿನ್-ಥೈಮಿನ್ ಜೋಡಿಗೂ ಗ್ವಾನಿನ್-ಸೈಟೋಸಿನ್ ಜೋಡಿಗೂ ಆಕಾರ ಒಂದೇ ಎಂದು ಕಂಡಿತು. ಸುರುಳಿ ಎಲ್ಲೂ ಉಬ್ಬಬೇಕಿಲ್ಲ, ತಗ್ಗಬೇಕಿಲ್ಲ. ಅಡೆನಿನ್‌ನಷ್ಟೇ ಥೈಮಿನ್, ಗ್ವಾನಿನ್‌ನಷ್ಟೇ ಸೈಟೋಸಿನ್ ಇರುತ್ತದೆ ಎಂದು ಜೀವರಸಾಯನ ವಿಜ್ಞಾನಿ ಎರ್ವಿನ್ ಶಾರ್ಗಾಫ್ ಮೊದಲೇ ಅಳೆದಿಟ್ಟಿದ್ದಕ್ಕೂ ಕಾರಣ ಸಿಕ್ಕಿತು. ಒಂದು ಎಳೆ ಗೊತ್ತಿದ್ದರೆ ಇನ್ನೊಂದನ್ನು ಬರೆಯಬಹುದು. ಜೀವಕೋಶ ತನ್ನ ಡಿಎನ್‌ಎಯ ನಕಲು ಮಾಡುವ ಬಗೆಯೂ ಹೊಳೆಯಿತು.

ಏಪ್ರಿಲ್ 25ರ 'ನೇಚರ್' ಲೇಖನದ ಕೊನೆಯಲ್ಲಿ ಡೊನೊಹ್ಯೂಗೆ ಕೃತಜ್ಞತೆ ಇದೆ. ತಮಾಷೆಯೆಂದರೆ, 1969ರಲ್ಲಿ ಈ ಜೋಡಣೆಗೆ ಎಕ್ಸ್-ರೇ ಪುರಾವೆ ಸಾಲದು ಎಂದು ತಕರಾರು ತೆಗೆದವರೂ ಇದೇ ಡೊನೊಹ್ಯೂ. 1980ರ ಸುಮಾರಿಗೆ ಡಿಎನ್‌ಎಯ ಪುಟ್ಟ ತುಣುಕುಗಳ ಹರಳು ಬೆಳೆಸಿ ನೋಡಿದಾಗ, ಜೋಡಿಗಳು ರಟ್ಟಿನ ತುಂಡುಗಳು ತೋರಿಸಿದ ಹಾಗೆಯೇ ಇದ್ದವು.